ದೂರದ ದಂಗೆಯೂ ನಮ್ಮ ಅಳತೆಗೋಲೂ

ಪ್ರಯೋಗಶಾಲೆಗೆ ಮೊದಲ ಬಾರಿ ಕಾಲಿಡುವ ವಿದ್ಯಾರ್ಥಿಯ ಕೈಗೆ ಸ್ಕ್ರೂ ಗೇಜನ್ನು ಕೊಟ್ಟು, ತಂತಿಯ ವ್ಯಾಸವನ್ನು ಅಳೆಯುವ ಮುನ್ನ ಉಪಕರಣದ ಶೂನ್ಯ ದೋಷವನ್ನು ನೋಡಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ಬಹುಮಂದಿಗೆ ಇದು ಬೇಸರದ ಕೆಲಸ. ತಂತಿ ಎದುರಿಗಿದೆ, ಉಪಕರಣ ಕೈಯಲ್ಲಿದೆ, ಅಳೆದು ಬರೆದುಕೊಂಡರೆ ಸಾಲದೆ ಎಂಬುದು ಅವರ ಭಾವನೆ. ಆದರೆ ಉಪಕರಣದ ಗುಣದೋಷಗಳನ್ನು ಅರಿಯದೆ ಅಳೆದವನು ತಂತಿಯನ್ನು ಅಳೆದಂತಾಗುವುದಿಲ್ಲ. ತಂತಿಯನ್ನೂ ಉಪಕರಣದ ದೋಷವನ್ನೂ ಒಟ್ಟುಗೂಡಿಸಿ ಅಳೆದಂತಾಗುತ್ತದೆ.

ಈ ಸಣ್ಣ ಪಾಠವನ್ನು ಪ್ರಯೋಗಶಾಲೆಯ ಹೊರಗೆ ಮರೆತು ನಾವು ಒಮ್ಮೆ ಎರಡು ತಪ್ಪುಗಳನ್ನು ಮಾಡಿದೆವು. ದೂರದೇಶದ ಜನರು ತಮ್ಮ ಪ್ರಭುತ್ವದ ವಿರುದ್ಧ ಎದ್ದು ನಿಂತಾಗ ಅದನ್ನು ಅಂತರಜಾಲದ ಮೂಲಕ ನೋಡುತ್ತ ಕುಳಿತಿದ್ದ ದಿನಗಳ ಮಾತಿದು. ಇಂದಿನ ವಿದ್ಯಾರ್ಥಿಗಳು ನಮಗಿಂತ ನೂರು ಪಾಲು ಹೆಚ್ಚಾಗಿ ಇಂತಹ ಸುದ್ದಿಯ ನಡುವೆ ಬಾಳುತ್ತಿದ್ದಾರೆ. ಆದುದರಿಂದ ನಮ್ಮ ತಪ್ಪುಗಳನ್ನು ಅವರ ಮುಂದಿಡುವುದು ಉಪಯುಕ್ತವೆಂದು ಭಾವಿಸುತ್ತೇವೆ.

ಹದಿನೆಂಟು ದಿನಗಳು

2011ನೆಯ ಇಸವಿಯ ಜನವರಿ ತಿಂಗಳು. ನಾವು ಆಗ ಎಂ.ಎಸ್ಸಿ. ತರಗತಿಯಲ್ಲಿ ಓದುತ್ತ ವಿದ್ಯಾರ್ಥಿನಿಲಯದಲ್ಲಿದ್ದೆವು. ನಿಲಯದ ವಾಚನಾಲಯದಲ್ಲಿ ಒಂದೇ ಒಂದು ಗಣಕಯಂತ್ರವಿದ್ದಿತು. ರಾತ್ರಿಯ ಊಟವಾದೊಡನೆ ಏಳೆಂಟು ಮಂದಿ ಅದರ ಸುತ್ತ ಸೇರುತ್ತಿದ್ದೆವು. ಅಷ್ಟರಲ್ಲಿ ಟ್ಯುನೀಸಿಯ ದೇಶದ ಸಣ್ಣ ಊರೊಂದರಲ್ಲಿ ಆರಂಭವಾದ ಜನಕ್ಷೋಭೆಯು ದೇಶವನ್ನೆಲ್ಲ ವ್ಯಾಪಿಸಿ, ಜನವರಿ 14ರಂದು ಅಧ್ಯಕ್ಷ ಬೆನ್ ಅಲಿಯು ದೇಶಬಿಟ್ಟು ಓಡುವಂತೆ ಮಾಡಿದ್ದಿತು. ಈಗ ಸರದಿ ಈಜಿಪ್ಟಿನದು. ಅಲ್ಲಿ ಹೋಸ್ನಿ ಮುಬಾರಕ್ 1981ರಿಂದಲೂ ಅಧಿಕಾರದಲ್ಲಿದ್ದನು. ಅಲೆಕ್ಸಾಂಡ್ರಿಯ ನಗರದ ಖಾಲಿದ್ ಸಯೀದ್ ಎಂಬ ತರುಣನು 2010ರ ಜೂನಿನಲ್ಲಿ ಪೋಲೀಸರ ಹೊಡೆತದಿಂದ ಸತ್ತನು. ಅವನ ಹೆಸರಿನಲ್ಲಿ ಫೇಸ್‌ಬುಕ್ಕಿನಲ್ಲಿ ಆರಂಭವಾದ ಪುಟವೊಂದು, ಪೋಲೀಸ್ ದಿನವಾದ ಜನವರಿ 25ರಂದು ಬೀದಿಗಿಳಿಯುವಂತೆ ಜನರಿಗೆ ಕರೆಯಿತ್ತಿತು. ಅಂದಿನಿಂದ ಫೆಬ್ರವರಿ 11ರಂದು ಮುಬಾರಕ್ ಅಧಿಕಾರ ಬಿಡುವವರೆಗೆ ಹದಿನೆಂಟು ದಿನಗಳು. ಆ ಹದಿನೆಂಟು ದಿನ ನಾವು ಪಾಠಪುಸ್ತಕಗಳನ್ನು ತೆರೆದುದು ಕಡಿಮೆ.

ಬೆಂಗಳೂರಿನಿಂದ ಕೈರೋ ನಗರಕ್ಕೆ ನೇರ ದೂರ ಸುಮಾರು 5,000 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಹೀಗಿರಲು, ದಾರಿ ಸುತ್ತಿಬಳಸಿ ಎರಡರಷ್ಟಾದರೂ, ಸಂಕೇತವೊಂದು ಅಲ್ಲಿಂದ ಇಲ್ಲಿಗೆ ಬರಲು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಕಣ್ಣಿನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ತಹ್ರೀರ್ ಚೌಕದಲ್ಲಿ ನಿಂತವನೊಬ್ಬನು ತನ್ನ ದೂರವಾಣಿಯಲ್ಲಿ ಒಂದು ಸಾಲು ಬರೆದನೆಂದರೆ, ಅವನ ಪಕ್ಕದ ಬೀದಿಯವನಿಗೆ ತಿಳಿಯುವ ಮುನ್ನವೇ ನಮಗೆ ತಿಳಿಯುವ ಸಂಭವವಿದ್ದಿತು. ಈ ವೇಗವೇ ನಮ್ಮನ್ನು ಮರುಳುಮಾಡಿತು. ಬೇಗ ತಿಳಿದುದನ್ನು ಚೆನ್ನಾಗಿ ತಿಳಿದುದೆಂದು ನಾವು ಭ್ರಮಿಸಿದೆವು.

ಸರ್ಕಾರವೇ ನಡೆಸಿದ ಪ್ರಯೋಗ

ಆ ದಿನಗಳಲ್ಲಿ ಪತ್ರಿಕೆಗಳೆಲ್ಲ ಇದನ್ನು 'ಫೇಸ್‌ಬುಕ್ ಕ್ರಾಂತಿ' ಎಂದೂ 'ಟ್ವಿಟರ್ ಕ್ರಾಂತಿ' ಎಂದೂ ಕರೆದುವು. ನಾವೂ ಹಾಗೆಯೇ ನಂಬಿದ್ದೆವು. ಈ ನಂಬಿಕೆಯನ್ನು ಪರೀಕ್ಷಿಸುವ ಪ್ರಯೋಗವೊಂದನ್ನು ಈಜಿಪ್ಟಿನ ಸರ್ಕಾರವೇ ತಿಳಿಯದೆ ನಡೆಸಿತು.

ಅಂತರಜಾಲವೆಂಬುದು ಒಂದೇ ಜಾಲವಲ್ಲ. ಸಹಸ್ರಾರು ಜಾಲಗಳ ಕೂಟ. ಒಂದೊಂದು ಜಾಲವೂ 'ಇಂತಿಂತಹ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ' ಎಂದು ನೆರೆಯ ಜಾಲಗಳಿಗೆ ಸಾರುತ್ತದೆ. ನೆರೆಯವು ಅದನ್ನು ತಮ್ಮ ನೆರೆಗೆ ತಿಳಿಸುತ್ತವೆ. ಸಂದೇಶಗಳು ದಾರಿ ಕಂಡುಕೊಳ್ಳುವುದು ಈ ಸಾರುವಿಕೆಯಿಂದ. ಜನವರಿ 27ರ ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿಯೇ ಈಜಿಪ್ಟಿನ ಜಾಲಗಳು ಒಂದಾದ ಮೇಲೊಂದು ಹೀಗೆ ಸಾರುವುದನ್ನು ಹಿಂತೆಗೆದುಕೊಂಡುವು. ಕೆಲವೇ ನಿಮಿಷಗಳಲ್ಲಿ ಸುಮಾರು 3,500 ಮಾರ್ಗಗಳು ಜಗತ್ತಿನ ನಕ್ಷೆಯಿಂದ ಅಳಿಸಿಹೋದುವು. ತಂತಿಗಳನ್ನು ಯಾರೂ ಕತ್ತರಿಸಲಿಲ್ಲ. ಮನೆಗಳು ಇದ್ದಲ್ಲಿಯೇ ಇದ್ದುವು, ದಾರಿ ಹೇಳುವ ಫಲಕಗಳನ್ನು ಮಾತ್ರ ಕಿತ್ತುಹಾಕಿದಂತಾಯಿತು. ಇನ್ನೊಂದು ವಿಚಿತ್ರವನ್ನು ನೋಡಿ. ಮುಂಬಯಿ, ಚೆನ್ನೈಗಳಿಂದ ಹೊರಟು ಯೂರೋಪನ್ನು ಸೇರುವ ಮುಖ್ಯ ಸಮುದ್ರತಂತಿಗಳು ಈಜಿಪ್ಟಿನ ನೆಲವನ್ನು ದಾಟಿಯೇ ಹೋಗುತ್ತವೆ. 2008ರ ಜನವರಿ 30ರಂದು ಅಲೆಕ್ಸಾಂಡ್ರಿಯದ ಬಳಿ ಇವುಗಳಲ್ಲಿ ಎರಡು ತುಂಡಾದಾಗ ಭಾರತದ ಅಂತರಜಾಲ ಸಂಪರ್ಕವು ಬಹುಮಟ್ಟಿಗೆ ಕುಂಠಿತವಾಗಿದ್ದಿತು. 2011ರಲ್ಲಿ ಹಾಗಾಗಲಿಲ್ಲ. ನಮ್ಮ ದೇಶದ ಸಂದೇಶಗಳು ಈಜಿಪ್ಟಿನ ಮರಳಿನ ಅಡಿಯಲ್ಲಿ ಎಂದಿನಂತೆ ಹರಿಯುತ್ತಿದ್ದುವು. ಆ ಮರಳಿನ ಮೇಲೆ ವಾಸಿಸುವವರು ಮಾತ್ರ ಮೂಕರಾಗಿದ್ದರು.

ಮರುದಿನ, ಜನವರಿ 28, ಶುಕ್ರವಾರ. ಅಂತರಜಾಲವಿಲ್ಲ, ಮೊಬೈಲ್ ದೂರವಾಣಿಯೂ ಇಲ್ಲ. ಜನರು ಮನೆಯಲ್ಲಿ ಉಳಿದರೆ? ಇಲ್ಲ. ಅಂದು ಬೀದಿಗೆ ಬಂದ ಜನಸ್ತೋಮವು 25ರಂದು ಬಂದುದಕ್ಕಿಂತ ದೊಡ್ಡದಾಗಿದ್ದಿತು. ಪೋಲೀಸರು ಹಿಂದೆಗೆದರು. ಸುದ್ದಿ ತಿಳಿಯದ ತಾಯಿತಂದೆಗಳು ಮಕ್ಕಳನ್ನು ಹುಡುಕಿಕೊಂಡು ಹೊರಬಂದುದೂ, ಪರದೆಯ ಮುಂದೆ ಕುಳಿತಿದ್ದವರು ಎದ್ದುಬಂದುದೂ ಇದಕ್ಕೆ ಕಾರಣವೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಒಂದೇ ಬಾರಿ ನಡೆದ ಪ್ರಯೋಗದಿಂದ ನಿಯಮವನ್ನು ಕಟ್ಟಲಾಗದು, ನಿಜ. ಆದರೆ ಒಂದು ಮಾತಂತೂ ಸ್ಪಷ್ಟ: ಉರಿಯ ಮೇಲಿದ್ದ ಮುಚ್ಚಳವನ್ನು ತೆಗೆಯಲು ಜಾಲವು ನೆರವಾಗಿರಬಹುದು, ಉರಿ ಮಾತ್ರ ಜಾಲದ್ದಲ್ಲ. ಫೆಬ್ರವರಿ 2ರಂದು ಸಂಪರ್ಕ ಮರಳಿ ಬಂದಾಗ ಅಲ್ಲಿ ಏನೇನು ನಡೆದುಹೋಗಿದ್ದಿತೆಂಬುದನ್ನು ನಾವೇ ಹಿಂದಿನಿಂದ ಓದಿ ತಿಳಿಯಬೇಕಾಯಿತು.

ಕಾಣದ ನಕ್ಷತ್ರಗಳು

ನಿರ್ಮಲವಾದ ರಾತ್ರಿಯಲ್ಲಿ ಆಕಾಶವನ್ನು ನೋಡಿ, ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನೆಲ್ಲ ಪಟ್ಟಿಮಾಡಿದರೆ ಅವುಗಳಲ್ಲಿ ಹೆಚ್ಚಿನವು ಸೂರ್ಯನಿಗಿಂತ ಉಜ್ಜ್ವಲವಾದವು ಎಂದು ತಿಳಿಯುತ್ತದೆ. ಇದರಿಂದ 'ನಕ್ಷತ್ರಗಳೆಲ್ಲ ಸಾಮಾನ್ಯವಾಗಿ ಸೂರ್ಯನಿಗಿಂತ ಉಜ್ಜ್ವಲ' ಎಂದು ತೀರ್ಮಾನಿಸಿದರೆ ಘೋರ ಪ್ರಮಾದವಾಗುತ್ತದೆ. ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಮಂದವಾದ ಕೆಂಪು ಕುಬ್ಜಗಳು. ನಮಗೆ, ಸೂರ್ಯನನ್ನು ಬಿಟ್ಟರೆ, ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮ ಸೆಂಟಾರಿ ಅಂತಹುದೊಂದು. ಕೇವಲ 4.2 ಜ್ಯೋತಿರ್ವರ್ಷ ದೂರದಲ್ಲಿದ್ದರೂ ಅದು ಬರಿಗಣ್ಣಿಗೆ ಕಾಣದು. ನಾವು ಕಾಣುವುದು ಇರುವುದನ್ನಲ್ಲ. ಇರುವುದರಲ್ಲಿ ಕಣ್ಣಿಗೆ ಎಟುಕುವುದನ್ನು.

2011ರ ಆರಂಭದಲ್ಲಿ ಈಜಿಪ್ಟಿನ ಜನಸಂಖ್ಯೆ ಸುಮಾರು ಎಂಟು ಕೋಟಿ. ಫೇಸ್‌ಬುಕ್ ಬಳಸುತ್ತಿದ್ದವರು ಸುಮಾರು ಐವತ್ತು ಲಕ್ಷ. ಹದಿನಾರು ಮಂದಿಯಲ್ಲಿ ಒಬ್ಬ. ಅವರಲ್ಲಿಯೂ ನಮಗೆ ತಿಳಿಯುವ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವರು ಇನ್ನೂ ಕಡಿಮೆ. ಕೈರೋ ನಗರದ ಓದುಬಲ್ಲ ತರುಣರೇ ನಮ್ಮ ಪಾಲಿನ ಉಜ್ಜ್ವಲ ನಕ್ಷತ್ರಗಳು. ಅವರು ಧೀರರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ದಂಗೆಯಲ್ಲಿ ಮೊದಲ ಸಾವುಗಳು ಸಂಭವಿಸಿದುದು ಕೈರೋವಿನಲ್ಲಲ್ಲ, ಸೂಯೆಜ್ ನಗರದಲ್ಲಿ. ಮಹಲ್ಲಾ ಅಲ್ ಕುಬ್ರಾ ಎಂಬ ನೂಲುಗಿರಣಿಗಳ ಊರಿನಲ್ಲಿ ಸಹಸ್ರಾರು ಕಾರ್ಮಿಕರು 2006ರಲ್ಲಿಯೇ ಮುಷ್ಕರ ಹೂಡಿದ್ದರು. 2008ರ ಏಪ್ರಿಲ್ 6ರಂದು ಅಲ್ಲಿ ಮತ್ತೆ ಘರ್ಷಣೆ ನಡೆದಿದ್ದಿತು. ಮುಬಾರಕನ ಕೊನೆಯ ದಿನಗಳಲ್ಲಿ ಕಾರ್ಖಾನೆಗಳಲ್ಲಿಯೂ ಸಾರಿಗೆಯಲ್ಲಿಯೂ ಕಾರ್ಮಿಕರು ಕೆಲಸ ನಿಲ್ಲಿಸಿದುದು ಅವನ ಪತನಕ್ಕೆ ಕೊಟ್ಟ ಬಲ ಅಲ್ಪವಲ್ಲ. ಈ ಯಾವುದೂ ನಮ್ಮ ವಾಚನಾಲಯದ ಪರದೆಯ ಮೇಲೆ ಹೆಚ್ಚಾಗಿ ಕಾಣಲಿಲ್ಲ. ಅವು ಕೆಂಪು ಕುಬ್ಜಗಳು. ಸಂಖ್ಯೆಯಲ್ಲಿ ಹೆಚ್ಚು, ಬೆಳಕಿನಲ್ಲಿ ಕಡಿಮೆ.

ಇದರ ಫಲವನ್ನು ನಾವು ಮುಂದಿನ ವರ್ಷ ಕಂಡೆವು. 2012ರ ಜೂನಿನಲ್ಲಿ ಚುನಾವಣೆಯ ಮೂಲಕ ಮಹಮ್ಮದ್ ಮೋರ್ಸಿ ಅಧ್ಯಕ್ಷನಾದಾಗ ನಮ್ಮಂತಹ ದೂರದ ವೀಕ್ಷಕರು ಬೆರಗಾದರು. ಅವನ ಪಕ್ಷದ ಹಿಂದಿದ್ದ ಜನರು ಅಲ್ಲಿ ಮೊದಲಿನಿಂದಲೂ ಇದ್ದರು. ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ಮೊದಲನೆಯ ತಪ್ಪು

ಅದೇ 2011ರ ಮಾರ್ಚಿನಲ್ಲಿ ಸಿರಿಯ ದೇಶದಲ್ಲಿಯೂ ದಂಗೆ ಆರಂಭವಾಯಿತು. ಅಲ್ಲಿಗೆ ವಿದೇಶದ ಪತ್ರಕರ್ತರಿಗೆ ಪ್ರವೇಶವೇ ದುರ್ಲಭ. ಆದುದರಿಂದ ಬ್ಲಾಗುಗಳೇ ಕಿಟಕಿ. ಡಮಾಸ್ಕಸ್ ನಗರದಲ್ಲಿರುವ ಸಲಿಂಗಪ್ರೇಮಿ ತರುಣಿಯೊಬ್ಬಳ ಹೆಸರಿನಲ್ಲಿ ಬರುತ್ತಿದ್ದ ಬ್ಲಾಗೊಂದನ್ನು ನಾವು ತಪ್ಪದೆ ಓದುತ್ತಿದ್ದೆವು. ಅವಳ ಧೈರ್ಯ, ಅವಳ ತಂದೆಯ ವಾತ್ಸಲ್ಯ, ಬೀದಿಯ ವರ್ಣನೆ ಎಲ್ಲವೂ ಮನಸ್ಸನ್ನು ಸೆಳೆಯುವಂತಿದ್ದುವು. ಜೂನ್ 6ರಂದು, ಆಯುಧಧಾರಿಗಳು ಅವಳನ್ನು ಹಿಡಿದೊಯ್ದರೆಂಬ ವಾರ್ತೆ ಅದೇ ಬ್ಲಾಗಿನಲ್ಲಿ ಪ್ರಕಟವಾಯಿತು. ಬರೆದವಳು ಅವಳ ಸೋದರಸಂಬಂಧಿಯಂತೆ. ಜಗತ್ತಿನ ದೊಡ್ಡ ಪತ್ರಿಕೆಗಳು ಸುದ್ದಿಯನ್ನು ಎತ್ತಿಕೊಂಡುವು. ನಾವು ಅಂದು ರಾತ್ರಿಯೇ ನಲವತ್ತು ಮಂದಿ ಸಹಪಾಠಿಗಳಿಗೆ ಅದನ್ನು ಕಳುಹಿಸಿ, ಅವಳ ಬಿಡುಗಡೆಗಾಗಿ ದನಿಗೂಡಿಸಬೇಕೆಂದು ಬೇಡಿದೆವು.

ಆಗ ಕೆಲವು ಪತ್ರಕರ್ತರು ಒಂದು ಸರಳವಾದ ಪ್ರಶ್ನೆಯನ್ನು ಕೇಳಿದರು: ಅವಳನ್ನು ಕಣ್ಣಾರೆ ಕಂಡವರು ಯಾರು? ಒಬ್ಬರೂ ಇರಲಿಲ್ಲ. ಜೂನ್ 12ರಂದು ನಿಜ ಹೊರಬಿದ್ದಿತು. ಬರೆದವನು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಓದುತ್ತಿದ್ದ ಒಬ್ಬ ಅಮೆರಿಕನ್ ಗಂಡಸು. ತರುಣಿಯೂ ಇಲ್ಲ, ತಂದೆಯೂ ಇಲ್ಲ, ಸೋದರಸಂಬಂಧಿಯೂ ಇಲ್ಲ. ಚಿತ್ರಗಳು ಲಂಡನ್ನಿನಲ್ಲಿದ್ದ, ಈ ಯಾವುದನ್ನೂ ಅರಿಯದ ಬೇರೊಬ್ಬ ಮಹಿಳೆಯವು.

ನಮ್ಮ ತಪ್ಪು ಎಲ್ಲಿದ್ದಿತು? ನೂರು ಕಡೆ ಓದಿದುದನ್ನು ನೂರು ಸಾಕ್ಷ್ಯಗಳೆಂದು ಎಣಿಸಿದುದರಲ್ಲಿ. ಒಂದೇ ಉದ್ದವನ್ನು ನೂರು ಬಾರಿ ಅಳೆದು ಸರಾಸರಿ ತೆಗೆದರೆ ಯಾದೃಚ್ಛಿಕ ದೋಷವು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆಂದು ನೀವು ಓದಿದ್ದೀರಿ. ಆದರೆ ಆ ನೂರು ಅಳತೆಗಳೂ ಒಂದನ್ನೊಂದು ಅವಲಂಬಿಸದಿರಬೇಕು ಎಂಬ ನಿಬಂಧನೆಯನ್ನು ಮರೆಯಬಾರದು. ಒಬ್ಬನು ಅಳೆದು, ಉಳಿದ ತೊಂಬತ್ತೊಂಬತ್ತು ಮಂದಿ ಅವನ ಪುಸ್ತಕದಿಂದ ನಕಲು ಮಾಡಿದರೆ ಅಳತೆ ಒಂದೇ. ಇನ್ನು ಉಪಕರಣದಲ್ಲಿಯೇ ವ್ಯವಸ್ಥಿತ ದೋಷವಿದ್ದರೆ ಸಾವಿರ ಬಾರಿ ಅಳೆದರೂ ಅದು ಕಡಿಮೆಯಾಗದು. ನಾವು ಓದಿದ ನೂರು ವಾರ್ತೆಗಳು ಒಂದೇ ಬ್ಲಾಗಿನ ನೂರು ಪ್ರತಿಧ್ವನಿಗಳು. ನಮ್ಮ ನಲವತ್ತು ಪತ್ರಗಳೂ ಆ ಪ್ರತಿಧ್ವನಿಗೆ ಸೇರಿದುವು.

ಎರಡನೆಯ ತಪ್ಪು

ಮೋಸಹೋದವನಿಗೆ ಬುದ್ಧಿ ಬರುತ್ತದೆಂದು ಹೇಳುವುದುಂಟು. ನಮಗೆ ಬಂದುದು ಬುದ್ಧಿಯಲ್ಲ, ಹಟ. ಆ ವಾರವೇ ಸಹಪಾಠಿಯೊಬ್ಬನು ಇನ್ನೊಂದು ವಾರ್ತೆಯನ್ನು ತೋರಿಸಲು ಬಂದನು. ಸಿರಿಯದ ದರಾ ಪ್ರಾಂತದ ಹಮ್ಜಾ ಅಲ್ ಖತೀಬ್ ಎಂಬ ಹದಿಮೂರು ವರ್ಷದ ಬಾಲಕನು ಏಪ್ರಿಲ್ ಕೊನೆಯಲ್ಲಿ ಮೆರವಣಿಗೆಗೆ ಹೋದಾಗ ಸೆರೆಸಿಕ್ಕಿದ್ದನು. ಸುಮಾರು ಒಂದು ತಿಂಗಳ ಬಳಿಕ ಅವನ ಶವವನ್ನು ಮನೆಯವರಿಗೆ ಒಪ್ಪಿಸಲಾಯಿತು. ಮೈಮೇಲೆ ಹಿಂಸೆಯ ಗುರುತುಗಳಿದ್ದುವು. ಸರ್ಕಾರ ಹಿಂಸೆಯನ್ನು ಅಲ್ಲಗಳೆಯಿತು. ನಾವು ಪರದೆಯ ಕಡೆ ತಿರುಗಿಯೂ ನೋಡದೆ, "ಇದೂ ಒಂದು ಕಟ್ಟುಕತೆಯಿರಬೇಕು, ಬಿಡಪ್ಪ" ಎಂದೆವು. ಅವನು ಸ್ವಲ್ಪ ಹೊತ್ತು ನಿಂತಿದ್ದು, ಮಾತನಾಡದೆ ಹೊರಟುಹೋದನು.

ಆ ಬಾಲಕನು ಕಟ್ಟುಕತೆಯಲ್ಲ. ಅವನಿಗೆ ಮನೆಯಿದ್ದಿತು, ಹೆಸರಿದ್ದಿತು, ಅವನ ದೇಹವನ್ನು ಕಂಡವರಿದ್ದರು. ಮೊದಲನೆಯ ವಾರ್ತೆಗೆ ಇಲ್ಲದಿದ್ದ ಆಧಾರವೆಲ್ಲ ಎರಡನೆಯದಕ್ಕೆ ಇದ್ದಿತು. ಅದನ್ನು ನೋಡುವ ಶ್ರಮವನ್ನು ನಾವು ತೆಗೆದುಕೊಳ್ಳಲಿಲ್ಲ. ಎಲ್ಲವನ್ನೂ ನಂಬುವವನು ಹೇಗೆ ಅಳೆಯುವುದಿಲ್ಲವೋ ಹಾಗೆಯೇ ಏನನ್ನೂ ನಂಬದವನು ಅಳೆಯುವುದಿಲ್ಲ. ಇಬ್ಬರದೂ ಸೋಮಾರಿತನವೇ, ಎರಡನೆಯವನ ಸೋಮಾರಿತನ ಜಾಣತನದ ವೇಷ ಹಾಕಿಕೊಂಡಿರುತ್ತದೆ. ಆ ಸುಳ್ಳು ಬ್ಲಾಗಿನ ನಿಜವಾದ ಹಾನಿಯೂ ಇದೇ. ಸಿರಿಯದೊಳಗೆ ಪ್ರಾಣವನ್ನು ಒತ್ತೆಯಿಟ್ಟು ಬರೆಯುತ್ತಿದ್ದವರು, ಇನ್ನು ತಮ್ಮನ್ನು ಯಾರು ನಂಬುವರು ಎಂದು ಆಗಲೇ ಕೊರಗಿದ್ದರು. ಅವರ ಕೊರಗಿಗೆ ನಾವೇ ಉದಾಹರಣೆಯಾದೆವು. 2024ರ ಡಿಸೆಂಬರ್ 8ರಂದು ಅಸಾದನ ಆಳ್ವಿಕೆ ಕುಸಿದು ಸೆರೆಮನೆಗಳ ಬಾಗಿಲುಗಳು ತೆರೆದಾಗ ಹೊರಬಂದ ಸಂಗತಿಗಳನ್ನು ಓದಿದಂದು, ವಾಚನಾಲಯದ ಆ ಸಂಜೆಯೂ ಸಹಪಾಠಿಯ ಆ ಮೌನವೂ ನಮಗೆ ನೆನಪಾದುವು.

ಏನು ಮಾಡಬೇಕು?

ಸಂದೇಹವೆಂದರೆ ನಿರಾಕರಣೆಯಲ್ಲ. ಗುರುತ್ವ ವೇಗೋತ್ಕರ್ಷವನ್ನು ಲೋಲಕದಿಂದ ಅಳೆದ ವಿದ್ಯಾರ್ಥಿಯು 9.8 ಎಂದು ಬರೆದು ಪಕ್ಕದಲ್ಲಿ ಹೆಚ್ಚು ಕಡಿಮೆ 0.1 ಎಂದು ಬರೆಯುತ್ತಾನೆ. 'ದೋಷವಿರುವುದರಿಂದ ಗುರುತ್ವವೇ ಇಲ್ಲ' ಎಂದು ಅವನು ಬರೆಯುವುದಿಲ್ಲ. ದೂರದ ವಾರ್ತೆಯನ್ನೂ ಹಾಗೆಯೇ, ಎಷ್ಟು ನಂಬಿದ್ದೇವೆ, ಏಕೆ ನಂಬಿದ್ದೇವೆ ಎಂಬ ಗುರುತಿನೊಡನೆ ಇಟ್ಟುಕೊಳ್ಳಬೇಕು. ಇದನ್ನು ಕಣ್ಣಾರೆ ಕಂಡವರು ಯಾರು? ಒಬ್ಬರನ್ನೊಬ್ಬರು ಅರಿಯದ ಇನ್ನೊಬ್ಬರು ಹೇಳಿದ್ದಾರೆಯೆ? ಈ ಚಿತ್ರವನ್ನು ಎಲ್ಲಿ, ಎಂದು ತೆಗೆದುದು? ಯಾರ ಮಾತು ನಮ್ಮವರೆಗೆ ಬಂದೇ ಇಲ್ಲ? ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಹೆಚ್ಚು ಹೊತ್ತು ಹಿಡಿಯದು.

ಮೂರನೆಯ ಪ್ರಶ್ನೆಗೆ ಭೌತವಿಜ್ಞಾನವೇ ನೆರವಾಗುವ ಒಂದು ನಿದರ್ಶನವನ್ನು ಕೊಡುತ್ತೇವೆ. ಜನವರಿ 28ರಂದು ಸೂರ್ಯನು ಸಮಭಾಜಕಕ್ಕೆ ಸುಮಾರು 18 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. ಕೈರೋ ಇರುವುದು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದುದರಿಂದ ಅಂದು ನಡುಹಗಲಿನಲ್ಲಿ ಅಲ್ಲಿ ಸೂರ್ಯನ ಎತ್ತರ 90ರಿಂದ 30ನ್ನೂ 18ನ್ನೂ ಕಳೆದರೆ ಉಳಿಯುವ 42 ಡಿಗ್ರಿ. ಸಮತಟ್ಟಾದ ನೆಲದ ಮೇಲೆ ನಿಂತ ಮನುಷ್ಯನ ನೆರಳು ಅವನ ಎತ್ತರದ 1.1ರಷ್ಟು. ಅಂದು ಅಲ್ಲಿ ನೆರಳು ಇದಕ್ಕಿಂತ ಗಿಡ್ಡವಾಗುವ ಗಳಿಗೆಯೇ ಇಲ್ಲ. 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಾದರೋ ಅದೇ ನಡುಹಗಲಿನ ನೆರಳು ಎತ್ತರದ 0.6ರಷ್ಟು ಮಾತ್ರ. ಹೀಗಿರುವಾಗ, ಅಂದಿನ ಕೈರೋವಿನದೆಂದು ಹೇಳುವ ಚಿತ್ರದಲ್ಲಿ ಜನರ ನೆರಳು ಅವರ ಎತ್ತರದ ಅರ್ಧದಷ್ಟಿದ್ದರೆ, ಆ ಚಿತ್ರ ಬೇರೆ ದಿನದ್ದು ಅಥವಾ ಬೇರೆ ಊರಿನದು. ವಾರ್ತೆಗಳನ್ನು ಪರಿಶೀಲಿಸುವವರು ಇಂದು ನೆರಳು, ಕಟ್ಟಡ, ನಾಮಫಲಕ, ಹವೆ ಇವೆಲ್ಲವನ್ನೂ ಹೀಗೆಯೇ ತಾಳೆನೋಡುತ್ತಾರೆ. ತ್ರಿಕೋನಮಿತಿ ಪರೀಕ್ಷೆಗೆ ಮಾತ್ರವೆಂದು ತಿಳಿದವರು ಇದನ್ನು ಗಮನಿಸಬೇಕು.

ಇಂದು ಈ ಎಚ್ಚರಿಕೆ ಇನ್ನೂ ಅಗತ್ಯವಾಗಿದೆ. 2024ರ ಜುಲೈ 18ರಂದು ಬಾಂಗ್ಲಾದೇಶದಲ್ಲಿ ವಿದ್ಯಾರ್ಥಿಗಳ ಚಳವಳಿಯ ನಡುವೆ ಅಂತರಜಾಲವನ್ನು ಕಡಿದುಹಾಕಿದರು. ಆಗಸ್ಟ್ 5ರಂದು ಪ್ರಧಾನಿ ಷೇಕ್ ಹಸೀನಾ ದೇಶ ಬಿಟ್ಟರು. ಆ ಬಳಿಕ ಅಲ್ಪಸಂಖ್ಯಾತರ ಮೇಲೆ ನಿಜವಾಗಿಯೂ ದೌರ್ಜನ್ಯಗಳು ನಡೆದುವು; ಅವುಗಳೊಡನೆ ಹಳೆಯ ಚಿತ್ರಗಳೂ ಬೇರೆಡೆಯ ಚಿತ್ರಗಳೂ ಬೆರೆತು ನಮ್ಮ ದೇಶದ ಮೊಬೈಲುಗಳಲ್ಲೆಲ್ಲ ಹರಿದಾಡಿದುವು. ಎಲ್ಲವನ್ನೂ ನಂಬಿದವರು ಸುಳ್ಳಿಗೆ ಕಾಲಾದರು. ಎಲ್ಲವನ್ನೂ ತಳ್ಳಿಹಾಕಿದವರು ನೊಂದವರಿಗೆ ಅನ್ಯಾಯ ಮಾಡಿದರು. ನಮ್ಮ ವಾಚನಾಲಯದ ಎರಡು ತಪ್ಪುಗಳೂ ಒಂದೇ ತಿಂಗಳಿನಲ್ಲಿ ಕೋಟ್ಯಂತರ ಕೈಗಳಿಂದ ನಡೆದುವು. ಈಗಂತೂ ಯಂತ್ರಗಳೇ ಚಿತ್ರಗಳನ್ನು ರಚಿಸುತ್ತಿರುವುದರಿಂದ, ನೆರಳು ಸರಿಯಾಗಿದ್ದ ಮಾತ್ರಕ್ಕೆ ಚಿತ್ರ ನಿಜವೆನ್ನುವಂತಿಲ್ಲ. ಕಂಡವರು ಯಾರೆಂಬ ಹಳೆಯ ಪ್ರಶ್ನೆಯೇ ಮತ್ತೆ ಮುಖ್ಯವಾಗಿದೆ.

ಇನ್ನೊಂದು ಮಾತು. ಫೆಬ್ರವರಿ 11ರ ರಾತ್ರಿ ಮುಬಾರಕ್ ಹೋದನೆಂದು ಕೇಳಿ ನಾವು ನಿಲಯದಲ್ಲಿ ಸಿಹಿ ಹಂಚಿದೆವು. ಮರುವಾರದಿಂದ ಈಜಿಪ್ಟನ್ನು ಮರೆತೆವು. ಹದಿನೆಂಟು ದಿನಗಳಲ್ಲಿ ಸತ್ತವರು ಕನಿಷ್ಠ 846 ಮಂದಿಯೆಂದು ಅಲ್ಲಿನ ತನಿಖಾ ಆಯೋಗವು ಏಪ್ರಿಲಿನಲ್ಲಿ ತಿಳಿಸಿದಾಗ ನಮ್ಮಲ್ಲಿ ಅದನ್ನು ಓದಿದವರು ವಿರಳ. 2013ರ ಜುಲೈ 3ರಂದು ಸೇನೆಯು ಮೋರ್ಸಿಯನ್ನು ಇಳಿಸಿತು. ಆಗಸ್ಟ್ 14ರಂದು ಕೈರೋವಿನ ಇನ್ನೊಂದು ಚೌಕದಲ್ಲಿ ಒಂದೇ ದಿನ ನೂರಾರು ಜನ ಹತರಾದರು. ಆಗ ವಾಚನಾಲಯದ ಯಂತ್ರದ ಮುಂದೆ ಯಾರೂ ಸೇರಲಿಲ್ಲ. ಮಿಂಚನ್ನು ಮಾತ್ರ ದಾಖಲಿಸಿ ಮಳೆಯನ್ನು ದಾಖಲಿಸದ ಉಪಕರಣದಿಂದ ಹವೆಯನ್ನು ಅರಿಯಲಾದೀತೆ?

ಸ್ಕ್ರೂ ಗೇಜಿನ ಶೂನ್ಯ ದೋಷದಿಂದ ಈ ಲೇಖನವನ್ನು ಆರಂಭಿಸಿದೆವು. ಹಿಂದಿರುಗಿ ಯೋಚಿಸಿದರೆ, ಆಗ ಹೆಚ್ಚಿನ ದೋಷವಿದ್ದುದು ಜಾಲದಲ್ಲಿ ಅಲ್ಲ. ಅನ್ಯಾಯ ಸೋಲಬೇಕು, ಅದೂ ನಮ್ಮ ಕಣ್ಣೆದುರಿಗೇ, ಬೇಗನೆ ಸೋಲಬೇಕು ಎಂಬ ಆಸೆ ನಮ್ಮಲ್ಲಿದ್ದಿತು. ಆಸೆ ತಪ್ಪಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಳೆಯಲು ಹೊರಟುದು ತಪ್ಪು. ದೂರದ ಊರೊಂದರಲ್ಲಿ ಯಾರೋ ಪ್ರಾಣವನ್ನು ಪಣವಾಗಿಟ್ಟು ಕಳುಹಿಸಿದ ಒಂದು ಸಾಲು ನಿಮ್ಮ ಕೈಗೆ ಬಂದಾಗ, ವಿದ್ಯಾರ್ಥಿ ಮಿತ್ರರೆ, ಅದನ್ನು ಮುಂದಕ್ಕೆ ತಳ್ಳುವ ಮುನ್ನ, ತಳ್ಳಿಹಾಕುವ ಮುನ್ನ, ಒಮ್ಮೆ ನಿಮ್ಮ ಶೂನ್ಯವನ್ನು ನೋಡಿಕೊಳ್ಳಿ. ಅವರಿಗಾಗಿ ನಾವು ಇಲ್ಲಿ ಕುಳಿತು ಮಾಡಬಹುದಾದ ಕೆಲಸ ಬಹಳವಿಲ್ಲ. ಸರಿಯಾಗಿ ನೋಡುವುದಂತೂ ನಮ್ಮ ಕೈಯಲ್ಲಿದೆ.